ಟಪಾಲೋ, ಕೊರಿಯರೋ, ಬಸ್ಸೋ: ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದು ಹೋಲಿಕೆ

ಬೆಂಗಳೂರಿನಿಂದ ಶಿರಸಿಗೆ ಒಂದು ಲಕೋಟೆ ತಲುಪಲು ಎಷ್ಟು ದಿನ ಬೇಕೆಂಬ ಪ್ರಶ್ನೆಗೆ ಯಾರು ಬೇಕಾದರೂ ಉತ್ತರ ಕೊಡಬಹುದು. ಆದರೆ ಅದೇ ಲಕೋಟೆ ಶಿರಸಿಯ ಪೇಟೆಯಿಂದ ಹದಿನೆಂಟು ಕಿಲೋಮೀಟರು ಆಚೆ, ಅಡಿಕೆ ತೋಟದ ತಲೆಯ ಮೇಲಿರುವ ಮನೆಯ ಜಗುಲಿಗೆ ಬರಲು ಎಷ್ಟು ದಿನ ಬೇಕೆಂಬುದನ್ನು ಆ ಮನೆಯವರನ್ನೇ ಕೇಳಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಟಪಾಲು, ಕೊರಿಯರು, ಬಸ್ಸಿನ ಪಾರ್ಸೆಲ್ಲು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವವರು ಸಾಮಾನ್ಯವಾಗಿ ದರವನ್ನೂ ಕೌಂಟರಿನಲ್ಲಿ ಹೇಳಿದ ದಿನಗಳ ಲೆಕ್ಕವನ್ನೂ ನೋಡುತ್ತಾರೆ. ನಾನು ಹಲವು ವರ್ಷ ಕಳಿಸಿ, ತರಿಸಿ, ಕಳೆದುಕೊಂಡು ಕಲಿತದ್ದು ಬೇರೆ: ಪೇಟೆಯಿಂದ ಮನೆಯವರೆಗಿನ ಕೊನೆಯ ದಾರಿಯನ್ನು ಯಾರು ನಡೆಯುತ್ತಾರೆ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದನ್ನು ಯಾರು ಎಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಮೊದಲು ನೋಡಬೇಕು.

ಮೊದಲು ಅಂಚೆಯ ವಿಷಯ. ನಮ್ಮ ಕಡೆಯ ಹಿರಿಯರು ಇಂದಿಗೂ ಇದನ್ನು ಟಪಾಲು ಎಂದೇ ಕರೆಯುತ್ತಾರೆ. 1956ರವರೆಗೆ ಈ ಜಿಲ್ಲೆ ಮುಂಬೈ ಪ್ರಾಂತದಲ್ಲಿ ಇದ್ದುದರ ಗುರುತು ಆ ಮಾತಿನಲ್ಲಿ ಉಳಿದಿದೆ. ಉತ್ತರ ಕನ್ನಡ ಒಂದೇ ಜಿಲ್ಲೆಯಾದರೂ ಅಂಚೆಯ ಆಡಳಿತಕ್ಕೆ ಕಾರವಾರ ಮತ್ತು ಶಿರಸಿ ಎಂಬ ಎರಡು ವಿಭಾಗಗಳಿವೆ. ಆದ್ದರಿಂದ ದೂರು ಕೊಡುವಾಗ ತಮ್ಮ ಊರು ಯಾವ ವಿಭಾಗಕ್ಕೆ ಸೇರಿದ್ದೆಂದು ತಿಳಿದಿರುವುದು ಒಳ್ಳೆಯದು. ಪೇಟೆಯ ಕಚೇರಿಯ ಕೆಳಗೆ ಹಳ್ಳಿಗಳ ಶಾಖಾ ಅಂಚೆ ಕಚೇರಿಗಳಿರುತ್ತವೆ. ಅವನ್ನು ನಡೆಸುವವರು ದಿನಕ್ಕೆ ನಾಲ್ಕೈದು ತಾಸಿನ ಕೆಲಸಕ್ಕೆ ನೇಮಕಗೊಂಡ ಗ್ರಾಮೀಣ ಡಾಕ್ ಸೇವಕರು. ಮಾಸ್ತರರೂ ಬಟವಾಡೆಯವರೂ ಒಬ್ಬರೇ ಆಗಿರುವ ಊರುಗಳೂ ಇವೆ. ಮನೆಗಳು ಒಂದಕ್ಕೊಂದು ಕೂಗಳತೆಗೂ ಸಿಗದಷ್ಟು ಚದುರಿರುವ ಮಲೆನಾಡಿನಲ್ಲಿ, ಆ ನಾಲ್ಕೈದು ತಾಸಿನೊಳಗೆ ಚೀಲ ಬಿಚ್ಚಿ, ವಿಂಗಡಿಸಿ, ಉಳಿತಾಯ ಖಾತೆಯ ಹಣ ಕಟ್ಟಿಸಿಕೊಂಡು, ಆಮೇಲೆ ಪತ್ರ ಹಿಡಿದು ಹೊರಡಬೇಕು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಹೋಲಿಕೆ ಸುಲಭವಾಗುತ್ತದೆ.

ಸಾದಾ ಅಂಚೆಯನ್ನು ಈಗ ಯಾವುದಕ್ಕೆ ಬಳಸಬೇಕೆಂದರೆ, ತಲುಪಿದರೆ ಸಂತೋಷ, ತಲುಪದಿದ್ದರೆ ನಷ್ಟವಿಲ್ಲ ಎಂಬಂಥ ಪತ್ರಗಳಿಗೆ ಮಾತ್ರ. 20 ಗ್ರಾಮಿನ ಲಕೋಟೆಗೆ 5 ರೂಪಾಯಿಯ ಸ್ಟಾಂಪು ಸಾಕು. ಉಪನಯನ, ಮದುವೆ, ಶ್ರಾದ್ಧದ ಕರೆಯೋಲೆ ನೂರಾರು ಮನೆಗಳಿಗೆ ಹೋಗಬೇಕಾದಾಗ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಆದರೆ ಇದರಲ್ಲಿ ಕಳಿಸಿದ್ದಕ್ಕೂ ಸಾಕ್ಷಿ ಇಲ್ಲ, ಮುಟ್ಟಿದ್ದಕ್ಕೂ ಸಾಕ್ಷಿ ಇಲ್ಲ. ಹಿಂದೆ ಅಲ್ಪ ಶುಲ್ಕಕ್ಕೆ ಸಿಗುತ್ತಿದ್ದ, ಪತ್ರ ಹಾಕಿದ್ದೇವೆಂಬುದರ ಪ್ರಮಾಣಪತ್ರವನ್ನೂ 2011ರಲ್ಲಿ ನಿಲ್ಲಿಸಲಾಯಿತು. ನಮ್ಮ ಮನೆಗೆ ಬರುವ ಮಾಸಿಕವೊಂದರ ಎರಡು ತಿಂಗಳ ಸಂಚಿಕೆಗಳು ಒಂದೇ ದಿನ ಜೊತೆಯಾಗಿ ಬಂದದ್ದುಂಟು. ಮಾಸಿಕವಾದರೆ ಓದಿಕೊಳ್ಳಬಹುದು, ಸಂದರ್ಶನದ ಕರೆಯಾದರೆ ಏನು ಮಾಡುವುದು?

ನೋಂದಾಯಿತ ಅಂಚೆ ಹೋದ ಮೇಲೆ

ಬಹಳ ಜನರಿಗೆ ಇನ್ನೂ ಸರಿಯಾಗಿ ತಿಳಿಯದ ಬದಲಾವಣೆ ಇದು. 2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಲಾಗಿದೆ. ‘ರಿಜಿಸ್ಟರ್ ಮಾಡಿ ಕಳಿಸು’ ಎಂದು ವಕೀಲರೂ ಬ್ಯಾಂಕಿನವರೂ ಹೇಳುವ ಮಾತು ಬದಲಾಗಿಲ್ಲ, ಕೌಂಟರಿನಲ್ಲಿ ಮಾತ್ರ ಈಗ ಸ್ಪೀಡ್ ಪೋಸ್ಟ್ ಮಾಡಿಸಿ ಅದರ ಮೇಲೆ ನೋಂದಣಿಯನ್ನು ಹೆಚ್ಚುವರಿ ಸೇವೆಯಾಗಿ ಕೇಳಿ ಪಡೆಯಬೇಕು. ಕೇಳದಿದ್ದರೆ ಅದು ಬರಿಯ ಸ್ಪೀಡ್ ಪೋಸ್ಟಾಗಿ ಹೋಗುತ್ತದೆ. ಆಗ ವಿಳಾಸದ ಮನೆಯಲ್ಲಿದ್ದ ಯಾರ ಕೈಗಾದರೂ ಕೊಡಬಹುದು. ನೋಂದಣಿ ಇದ್ದರೆ ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡಬೇಕು.

ದರದ ಲೆಕ್ಕವೂ ಬದಲಾಗಿದೆ. ಹಿಂದೆ ಒಂದು ಹಗುರ ನೋಂದಾಯಿತ ಪತ್ರ ತೆರಿಗೆ ಸೇರಿ ಸುಮಾರು 26 ರೂಪಾಯಿಗೆ ಹೋಗುತ್ತಿತ್ತು. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಸ್ಪೀಡ್ ಪೋಸ್ಟ್ ದರದಂತೆ 50 ಗ್ರಾಮಿನವರೆಗಿನ ಪತ್ರಕ್ಕೆ ಅದೇ ಊರಿನೊಳಗಾದರೆ 19 ರೂಪಾಯಿ, ಹೊರಗೆ ಎಲ್ಲಿಗಾದರೂ 47 ರೂಪಾಯಿ. ನೋಂದಣಿಗೆ 5 ರೂಪಾಯಿ. ಇವೆಲ್ಲದರ ಮೇಲೆ ಶೇ. 18 ಜಿಎಸ್‌ಟಿ. ನೋಂದಣಿ ಸಹಿತ ಒಂದು ಪತ್ರಕ್ಕೆ 61 ರೂಪಾಯಿ ದಾಟುತ್ತದೆ. ಕಾರವಾರದಿಂದ ಶಿರಸಿಗೆ ಕಳಿಸುವ ತೆಳುವಾದ ಲಕೋಟೆಗೂ ಕಾರವಾರದಿಂದ ದೆಹಲಿಗೆ ಕಳಿಸುವ ಲಕೋಟೆಗೂ ಶುಲ್ಕ ಒಂದೇ ಎಂಬುದು ನಮ್ಮಂಥ, ಜಿಲ್ಲೆಯೊಳಗೇ ಹೆಚ್ಚು ಪತ್ರವ್ಯವಹಾರ ಇರುವವರಿಗೆ ನಷ್ಟದ ಬಾಬತ್ತು. ದೂರದ ಲೆಕ್ಕ ಶುರುವಾಗುವುದು 50 ಗ್ರಾಮು ದಾಟಿದ ಮೇಲೆ: 51ರಿಂದ 250 ಗ್ರಾಮಿನವರೆಗೆ 200 ಕಿಲೋಮೀಟರಿನೊಳಗಾದರೆ 59 ರೂಪಾಯಿ, 201ರಿಂದ 500 ಕಿಲೋಮೀಟರಾದರೆ 63. ವಿದ್ಯಾರ್ಥಿಗಳಿಗೆ ಶೇ. 10 ರಿಯಾಯಿತಿ ಇದೆ, ಆದರೆ ಅದನ್ನು ಬಾಯಿಬಿಟ್ಟು ಕೇಳಬೇಕು.

ಇಷ್ಟು ಕೊಟ್ಟ ಮೇಲೆ ಬೇಗ ಮುಟ್ಟುತ್ತದೆಯೇ? ಪೇಟೆಯವರಿಗೆ ಹೌದು. ಕಾರವಾರ, ಕುಮಟಾ, ಶಿರಸಿ ಪೇಟೆಗಳೊಳಗಿನ ಬೀದಿಗಳಿಗೆ ನನ್ನ ಅನುಭವದಲ್ಲಿ ಸ್ಪೀಡ್ ಪೋಸ್ಟಿನ ಬಟವಾಡೆ ನಂಬಿಕೆಗೆ ಅರ್ಹವಾಗಿದೆ. ಹಳ್ಳಿಗೆ ಬಂದರೆ ಲೆಕ್ಕ ಬೇರೆ. ಪೇಟೆಯ ಕಚೇರಿಯವರೆಗೆ ಸ್ಪೀಡ್ ಪೋಸ್ಟ್ ಮುಂದೆ ಓಡಿ ಬರುತ್ತದೆ. ಅಲ್ಲಿಂದಾಚೆ ಅದು ಸಾದಾ ಪತ್ರದ ಜೊತೆಗೆ ಅದೇ ಚೀಲದಲ್ಲಿ, ಅದೇ ಬಸ್ಸಿನಲ್ಲಿ, ಅದೇ ಡಾಕ್ ಸೇವಕರ ಕೈಯಲ್ಲಿ ಬರುತ್ತದೆ. ಹಾಗಾಗಿ ಒಳಹಳ್ಳಿಯವರು ಸ್ಪೀಡ್ ಪೋಸ್ಟಿಗೆ ಕೊಡುವ ದುಡ್ಡು ವೇಗಕ್ಕಿಂತ ಹೆಚ್ಚಾಗಿ ರಸೀದಿಗೆ ಮತ್ತು ಎಲ್ಲಿದೆ ಎಂದು ನೋಡುವ ಸೌಲಭ್ಯಕ್ಕೆ ಎಂದು ತಿಳಿದುಕೊಳ್ಳಬೇಕು. ಆ ರಸೀದಿಗೆ ಬೆಲೆ ಇದೆ. ಚೆಕ್ ಬೌನ್ಸ್ ಆದಾಗ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಕೊಡಬೇಕಾದ ನೋಟಿಸನ್ನು ಯಾವ ದಿನ ಕಳಿಸಿದ್ದೆಂದು ತೋರಿಸುವುದು ಅದೇ ಚೀಟಿ. ಸರಕಾರಿ ಹುದ್ದೆಗಳ ಎಷ್ಟೋ ಪ್ರಕಟಣೆಗಳಲ್ಲಿ ಅರ್ಜಿಯನ್ನು ಅಂಚೆಯ ಮೂಲಕವೇ ಕಳಿಸಬೇಕು, ಕೊರಿಯರನ್ನು ಪರಿಗಣಿಸುವುದಿಲ್ಲ ಎಂಬ ಸಾಲು ಇರುತ್ತದೆ. ಅದನ್ನು ಓದದೆ ಮುನ್ನೂರು ರೂಪಾಯಿ ಕೊರಿಯರಿಗೆ ಸುರಿದವರನ್ನು ನಾನು ಬಲ್ಲೆ.

ಇನ್ನೊಂದು ಹೆಚ್ಚುವರಿ ಸೇವೆ ಒಟಿಪಿ ಬಟವಾಡೆ. ಅದಕ್ಕೂ 5 ರೂಪಾಯಿಯೇ. ಪಡೆಯುವವರ ಮೊಬೈಲಿಗೆ ಬಂದ ಸಂಖ್ಯೆಯನ್ನು ಹೇಳಿದರೆ ಮಾತ್ರ ಲಕೋಟೆ ಕೈಸೇರುತ್ತದೆ. ಬೆಂಗಳೂರಿನಲ್ಲಿ ಕುಳಿತ ಮಗನಿಗೆ ಇದು ಬಹಳ ಭದ್ರವಾದ ವ್ಯವಸ್ಥೆಯೆಂದು ಕಾಣುತ್ತದೆ; ಆದರೆ ರೇಂಜ್ ಬೇಕಾದರೆ ಗುಡ್ಡ ಹತ್ತಬೇಕಾದ ಸಿದ್ದಾಪುರದ ಕಡೆಯ ಮನೆಯೊಂದಕ್ಕೆ ಹೀಗೆ ಕಳಿಸಿದರೆ, ಪೋಸ್ಟಿನವರು ಅಂಗಳದಲ್ಲಿ, ಅಪ್ಪಯ್ಯ ಗುಡ್ಡದ ಮೇಲೆ, ಒಟಿಪಿ ಎಲ್ಲೋ ಗಾಳಿಯಲ್ಲಿ. ಸಿಗ್ನಲ್ ಇಲ್ಲದ ಊರಿಗೆ ಒಟಿಪಿ ಬೇಡ, ನೋಂದಣಿ ಸಾಕು. ಮಳೆಗಾಲ ಕಳೆಯಲು ಮಕ್ಕಳ ಮನೆಗೆ ಹೋಗಿರುವ ವೃದ್ಧರ ಹೆಸರಿಗಾದರೆ ನೋಂದಣಿಯೂ ತೊಂದರೆ ಕೊಡುತ್ತದೆ. ಕಚೇರಿಯಲ್ಲಿ ಕೆಲವು ದಿನ ಕಾದು ಅದು ಕಳಿಸಿದವರಿಗೇ ಮರಳುತ್ತದೆ. ಅಂಥವರು ಹೊರಡುವ ಮೊದಲು ಶಾಖಾ ಕಚೇರಿಗೆ ಒಂದು ಬರಹ ಕೊಟ್ಟು, ಯಾರ ಕೈಗೆ ಕೊಡಬಹುದೆಂದು ತಿಳಿಸಿ ಹೋಗುವುದು ಒಳಿತು.

ಕೊರಿಯರ್ ಎಲ್ಲಿಯವರೆಗೆ ಬರುತ್ತದೆ

ಘಟ್ಟದ ಕೆಳಗಿನವರಿಗೂ ಮೇಲಿನವರಿಗೂ ಉತ್ತರ ಒಂದೇ ಅಲ್ಲ. ಕರಾವಳಿಯಲ್ಲಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲವೂ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಮಣಿ ಪೋಣಿಸಿದಂತೆ ಇವೆ. ಖಾಸಗಿ ಕೊರಿಯರಿನ ವಾಹನ ಒಂದೇ ದಾರಿಯಲ್ಲಿ ಎಲ್ಲ ಪೇಟೆಗಳನ್ನೂ ಮುಟ್ಟುತ್ತದೆ. ಹೆದ್ದಾರಿಯ ಆಸುಪಾಸಿನ ಮನೆಗೆ ಅವರು ಅಂಚೆಗಿಂತ ಮೊದಲೇ ಬಂದದ್ದೂ ಇದೆ. ಸದಾಶಿವಗಡದ ಕಡೆ ಇರುವ ನನ್ನ ತಂಗಿ ಕೊರಿಯರನ್ನೇ ಮೆಚ್ಚುತ್ತಾಳೆ, ನಾನು ಅವಳೊಡನೆ ವಾದಿಸುವುದಿಲ್ಲ. ಆದರೆ ಹೆದ್ದಾರಿ ಬಿಟ್ಟು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಹಿನ್ನೀರಿನ ದಂಡೆಯ ಕೇರಿಗಳಿಗೆ ಹೊರಟರೆ, ಕಾಗೆ ಹಾರುವ ಲೆಕ್ಕದಲ್ಲಿ ಎರಡು ಕಿಲೋಮೀಟರಿನ ಊರಿಗೆ ಸುತ್ತು ಹತ್ತಾಗುತ್ತದೆ. ಅಲ್ಲಿಂದ ಮುಂದೆ ಕೊರಿಯರಿನವರ ಉತ್ಸಾಹ ಇಳಿಯುತ್ತದೆ. ನೌಕಾನೆಲೆಯಂಥ ಕಾವಲಿನ ಆವರಣಗಳಲ್ಲಿ ಅವರು ಗೇಟಿನಲ್ಲೇ ನಿಲ್ಲಬೇಕಾಗುತ್ತದೆ.

ಘಟ್ಟದ ಮೇಲೆ ಕೊರಿಯರ್ ಎಂದರೆ ಬಹುತೇಕ ಶಿರಸಿ ಪೇಟೆಯ ಒಂದು ಅಂಗಡಿ ಎಂದೇ ಅರ್ಥ. ಅಲ್ಲಿಂದ ಫೋನು ಬರುತ್ತದೆ: ‘ಹೆಗಡೇರೆ, ನಿಮ್ಮದೊಂದು ಪಾರ್ಸೆಲ್ ಬಂದಿದೆ, ಪೇಟೆಗೆ ಬಂದಾಗ ತಗೊಂಡು ಹೋಗಿ.’ ಮನೆಬಾಗಿಲಿಗೆ ತಲುಪಿಸುವುದಾಗಿ ದುಡ್ಡು ಪಡೆದವರು ಹೀಗೆ ಹೇಳಬಹುದೇ ಎಂದು ನಾನೂ ಒಮ್ಮೆ ಜಗಳ ಆಡಿದ್ದೇನೆ. ಆಮೇಲೆ ಯೋಚಿಸಿದರೆ, ವಾರಕ್ಕೊಮ್ಮೆ ಹೇಗೂ ಅಡಿಕೆ ವ್ಯಾಪಾರಕ್ಕೋ ಸಂತೆಗೋ ಪೇಟೆಗೆ ಹೋಗುವವರಿಗೆ ಅದು ಅಷ್ಟು ದೊಡ್ಡ ತೊಂದರೆಯಲ್ಲ. ಒಂಟಿ ಮುದುಕಿಗೆ ಮಾತ್ರ ಅದು ಔಷಧಿ ಕೈಗೆ ಸಿಗದ ವಾರ. ಸಂಬಂಧಿಕರೊಬ್ಬರಿಗೆ ಬಂದ ಬ್ಯಾಂಕ್ ಕಾರ್ಡು ‘ಮನೆಗೆ ಬೀಗ ಹಾಕಿತ್ತು’ ಎಂಬ ಷರಾದೊಂದಿಗೆ ಹಿಂದೆ ಹೋಯಿತು. ಆ ಮನೆಗೆ ಬೀಗ ಹಾಕುವ ಚಿಲಕವೇ ಇಲ್ಲ. ಅತ್ತೆ ಹಿತ್ತಿಲ ಅಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದರು.

ಅಂಚೆಯವರಲ್ಲಿ ತಪ್ಪಿಲ್ಲವೆಂದು ಹೇಳುತ್ತಿಲ್ಲ. ಜಾಲತಾಣದಲ್ಲಿ ‘ಬಟವಾಡೆಯಾಗಿದೆ’ ಎಂದು ತೋರಿಸಿದ ಒಂದು ಲಕೋಟೆಯನ್ನು ನಾನು ನಾಲ್ಕನೆಯ ದಿನ ಊರ ಕಿರಾಣಿ ಅಂಗಡಿಯ ಬೆಲ್ಲದ ಡಬ್ಬಿಯ ಹಿಂದಿನಿಂದ ಎತ್ತಿಕೊಂಡೆ. ಸಹಿ ಯಾರದೆಂದು ಯಾರೂ ಹೇಳಲಿಲ್ಲ. ಆದರೂ ಎರಡು ತಪ್ಪುಗಳ ನಡುವೆ ವ್ಯತ್ಯಾಸವಿದೆ: ಅಂಗಡಿಯಲ್ಲಿಟ್ಟದ್ದು ಊರಿನೊಳಗೇ ಉಳಿಯಿತು, ಬೀಗದ ಷರಾ ಬಿದ್ದದ್ದು ಮುಂಬೈಗೆ ಮರಳಿತು. ಡಾಕ್ ಸೇವಕರಿಗೆ ವಿಳಾಸವೇ ಬೇಡ, ಹೆಸರು ಕಂಡರೆ ಮನೆ ಗೊತ್ತು, ಮನೆಯವರು ಇಲ್ಲದಿದ್ದರೆ ಯಾವ ತೋಟದಲ್ಲಿ ಇರುತ್ತಾರೆಂದೂ ಗೊತ್ತು. ಕೊರಿಯರಿನ ಹುಡುಗನಿಗೆ ಫೋನ್ ನಂಬರೇ ವಿಳಾಸ. ಇದೇ ಕಾರಣಕ್ಕೆ ಒಳಹಳ್ಳಿಗೆ ದಾಖಲೆ ಕಳಿಸುವವರಿಗೆ ನನ್ನ ಸಲಹೆ ಅಂಚೆಯೇ. ಪೇಟೆಗೆ, ಹೆದ್ದಾರಿಯ ಊರುಗಳಿಗೆ ಕಳಿಸುವವರು ದರ ನೋಡಿ ಯಾವುದನ್ನಾದರೂ ಆರಿಸಬಹುದು. ಅಲ್ಲದೆ ಪಾಸ್‌ಪೋರ್ಟು, ಚಾಲನಾ ಪರವಾನಗಿಯಂಥವು ಬರುವುದು ಸ್ಪೀಡ್ ಪೋಸ್ಟಿನಲ್ಲೇ ಆದ್ದರಿಂದ, ಕೊರಿಯರನ್ನೇ ನೆಚ್ಚಿದವರೂ ತಮ್ಮ ಅಂಚೆ ಕಚೇರಿಯ ಪರಿಚಯ ಇಟ್ಟುಕೊಳ್ಳದೆ ವಿಧಿಯಿಲ್ಲ.

ತಿಂಡಿಯ ಪಾರ್ಸೆಲ್ಲು ಮತ್ತು ರಾತ್ರಿ ಬಸ್ಸು

ಊರಿನಿಂದ ಹೊರಗೆ ಹೋಗುವ ಸಾಮಾನಿನಲ್ಲಿ ಕಾಗದಪತ್ರಕ್ಕಿಂತ ತಿಂಡಿ ಹೆಚ್ಚು. ಇದಕ್ಕೆ ಬಸ್ಸನ್ನು ಮೀರಿಸಿದ ವ್ಯವಸ್ಥೆ ನನಗೆ ಕಂಡಿಲ್ಲ. ಸಂಜೆ ಶಿರಸಿಯಲ್ಲಿ ಏರಿಸಿದ ಡಬ್ಬಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುತ್ತದೆ. ಸಾರಿಗೆ ಸಂಸ್ಥೆಗಳು 2021ರಲ್ಲಿ ಶುರುಮಾಡಿದ ‘ನಮ್ಮ ಕಾರ್ಗೋ’ ಸೇವೆಯಲ್ಲಿ ನಿಲ್ದಾಣದ ಕೌಂಟರಿನಲ್ಲೇ ರಸೀದಿ ಸಿಗುತ್ತದೆ. ಖಾಸಗಿ ರಾತ್ರಿ ಬಸ್ಸುಗಳಲ್ಲಿ ಕೆಲವರು ಚೀಟಿ ಕೊಡುತ್ತಾರೆ, ಕೆಲವರು ಚಾಲಕರ ನಂಬರು ಮಾತ್ರ ಕೊಡುತ್ತಾರೆ. ಕುಂದು ಒಂದೇ: ಪಡೆಯುವವರು ನಿಲ್ದಾಣಕ್ಕೆ ಹೋಗಬೇಕು, ಅದೂ ನಸುಕಿನಲ್ಲಿ. ಆಟೋದ ಬಾಡಿಗೆ ಸೇರಿಸಿದರೆ ಅಗ್ಗವೆನ್ನಿಸಿದ್ದು ಅಂಚೆಗಿಂತ ದುಬಾರಿಯಾಗುವುದೂ ಇದೆ. ಎರಡು ಕಿಲೋ ಹಪ್ಪಳವಾದರೆ ಅಂಚೆ, ಹತ್ತು ಕಿಲೋ ಅಕ್ಕಿಯೋ ತೆಂಗಿನಕಾಯಿಯೋ ಆದರೆ ಬಸ್ಸು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ವಸ್ತುವಿನ ಗುಣವನ್ನೂ ನೋಡಬೇಕು. ಹಲಸಿನ ಹಪ್ಪಳ, ಒಣ ಮುರುಗಲು, ಸುಲಿದ ಅಡಿಕೆ ಯಾವುದರಲ್ಲೂ ಹೋಗುತ್ತವೆ. ತೊಡೆದೇವನ್ನು ಅಂಚೆಗೆ ಹಾಕಬಾರದು. ಚೀಲದ ಮೇಲೆ ಚೀಲ ಬೀಳುವಲ್ಲಿ ಆ ಕಾಗದದಷ್ಟು ತೆಳುವಾದ ತಿಂಡಿ ಉಳಿಯುವುದಿಲ್ಲ, ತಲುಪುವುದು ಬೆಲ್ಲ ಬೆರೆತ ಪುಡಿ. ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಎಷ್ಟು ಬಿಗಿಯಾದ ಮುಚ್ಚಳದಿಂದಲೂ ದಾರಿ ಹುಡುಕಿಕೊಂಡು ಹೊರಬರುತ್ತದೆ, ಹೊರಬಂದ ಮೇಲೆ ಅದು ನಮ್ಮ ಡಬ್ಬಿಯನ್ನಷ್ಟೇ ಅಲ್ಲ, ಅದೇ ಚೀಲದಲ್ಲಿದ್ದ ಬೇರೆಯವರ ಪತ್ರಗಳನ್ನೂ ಕೆಡಿಸುತ್ತದೆ. ಬಾಯಿಗೆ ಮೇಣದ ಕಾಗದ, ಅದರ ಮೇಲೆ ಟೇಪು, ಎರಡು ಪ್ಲಾಸ್ಟಿಕ್ ಚೀಲ, ಸುತ್ತ ಹಳೆಯ ಪತ್ರಿಕೆ, ಆಮೇಲೆ ರಟ್ಟಿನ ಪೆಟ್ಟಿಗೆ: ಇಷ್ಟೂ ಮಾಡುವ ತಾಳ್ಮೆ ಇಲ್ಲದವರು ಬಸ್ಸಿನಲ್ಲಿ ನಿಲ್ಲಿಸಿ ಕಳಿಸಲಿ. ಕಾರವಾರದ ಕಡೆಯ ಒಣಮೀನಿನ ಪಾರ್ಸೆಲ್ಲನ್ನು ಬಸ್ಸಿನವರು ವಾಸನೆ ಹಿಡಿದೇ ಗುರುತಿಸಿ ಬೇಡ ಎನ್ನುತ್ತಾರೆ. ಗಾಳಿಯಾಡದಂತೆ ಯಂತ್ರದಲ್ಲಿ ಮುಚ್ಚಿಸಿದರೆ ಮಾತ್ರ ದಾರಿ ಇದೆ.

ಪುಸ್ತಕ ಕಳಿಸುವವರಿಗೆ ಒಂದು ಮಾತು. ಹಳೆಯ ಬುಕ್ ಪೋಸ್ಟ್ ಇಲ್ಲವಾದ ಮೇಲೆ 2025ರ ಮೇ 1ರಂದು ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ನೆಲದ ಮಾರ್ಗವಾಗಿ ನಿಧಾನವಾಗಿ ಹೋಗುತ್ತದೆ, ಆದರೆ ಎಲ್ಲಿದೆ ಎಂದು ನೋಡಬಹುದು. ಹಣ ಕಳಿಸುವುದಾದರೆ ಮನಿಯಾರ್ಡರಿನ ಮಿತಿ 5,000 ರೂಪಾಯಿ, ಶುಲ್ಕ ನೂರಕ್ಕೆ 5. ಮೊಬೈಲಿನಲ್ಲಿ ಹಣ ಪಡೆಯಲಾಗದ ಹಿರಿಯರ ಕೈಗೆ ನಗದೇ ಸೇರಬೇಕಾದಲ್ಲಿ ಮಾತ್ರ ಇದು ಯೋಗ್ಯ. ಹಬ್ಬದ ಉಡುಗೊರೆಯೆಂದು ಸಾದಾ ಲಕೋಟೆಯಲ್ಲಿ ನೋಟು ಮಡಚಿ ಇಡುವುದು ನಿಯಮಕ್ಕೂ ವಿರುದ್ಧ.

ಮಳೆ, ವಿಳಾಸ, ದೂರು

ಜೂನಿನಿಂದ ಸೆಪ್ಟೆಂಬರಿನವರೆಗೆ ಮೇಲಿನ ಎಲ್ಲ ಲೆಕ್ಕಕ್ಕೂ ದಿನಗಳನ್ನು ಕೂಡಿಸಿಕೊಳ್ಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಬಿದ್ದಿತು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲೂ ಮಳೆಗಾಲದ ಸಂಚಾರವನ್ನು ನೆಚ್ಚುವಂತಿಲ್ಲ. ಇಂಥ ಹೊತ್ತಿನಲ್ಲಿ ಅಂಚೆಯೂ ನಿಲ್ಲುತ್ತದೆ, ಕೊರಿಯರೂ ನಿಲ್ಲುತ್ತದೆ. ಕರಾವಳಿಗೆ ಕೊಂಕಣ ರೈಲಾದರೂ ಇದೆ, ಶಿರಸಿಗೆ ರೈಲೇ ಇಲ್ಲ. ಕೊನೆಯ ದಿನಾಂಕ ಇರುವ ಯಾವ ಅರ್ಜಿಯನ್ನೂ ಮಳೆಗಾಲದಲ್ಲಿ ಹತ್ತು ದಿನ ಮೊದಲೇ ಕಳಿಸಬೇಕು, ವಿಳಾಸವನ್ನು ಬಾಲ್‌ಪೆನ್ನಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪು ಅಂಟಿಸಬೇಕು. ಶಾಯಿಯಲ್ಲಿ ಬರೆದದ್ದು ನೀರು ತಾಗಿ ನೀಲಿ ಕಲೆಯಾಗಿ ಬಂದದ್ದನ್ನು ನೋಡಿದ್ದೇನೆ.

ತಪ್ಪು ದಾರಿ ಹಿಡಿದ ಟಪಾಲುಗಳಲ್ಲಿ ನನ್ನ ಗಮನಕ್ಕೆ ಬಂದವುಗಳ ಪೈಕಿ ಬಹಳಷ್ಟಕ್ಕೆ ಕಾರಣ ಪಿನ್ ಕೋಡು. ಕಾರವಾರ 581301, ಶಿರಸಿ 581401. ಒಂದೇ ಅಂಕಿಯಲ್ಲಿ ಪತ್ರ ಘಟ್ಟ ಹತ್ತುತ್ತದೆ ಅಥವಾ ಇಳಿಯುತ್ತದೆ. ಹೊನ್ನಾವರ 581334, ಕುಮಟಾ 581343. ಕೊನೆಯ ಎರಡು ಅಂಕಿ ತಿರುಗಿದರೆ ಪಕ್ಕದ ತಾಲೂಕು. ಹಳ್ಳಿಯ ವಿಳಾಸದಲ್ಲಿ ಊರಿನ ಹೆಸರಿಗಿಂತ ‘ಪೋಸ್ಟ್’ ಎಂಬ ಸಾಲು ಮುಖ್ಯ, ಆದರೆ ಆನ್‌ಲೈನ್ ಅಂಗಡಿಗಳ ನಮೂನೆಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ; ‘ಲ್ಯಾಂಡ್‌ಮಾರ್ಕ್’ ಎಂಬಲ್ಲಿ ಪೋಸ್ಟಿನ ಹೆಸರನ್ನೂ ತಾಲೂಕನ್ನೂ ತುಂಬಿ. ಒಂದೇ ಊರಿನಲ್ಲಿ ನಾಲ್ವರು ಗಣಪತಿ ಹೆಗಡೆಯವರು ಇರುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ತಂದೆಯ ಹೆಸರನ್ನೋ ಕೇರಿಯ ಹೆಸರನ್ನೋ ಬಿಡಬಾರದು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ತಂದ ಹತ್ತು ಅಕ್ಷರಗಳ ಡಿಜಿಪಿನ್ ಸುಮಾರು 4 ಮೀಟರ್ ಉದ್ದಗಲದ ಜಾಗವನ್ನೇ ಗುರುತಿಸುತ್ತದೆ. ತೋಟದ ನಡುವಿನ ಮನೆಗಳಿಗೆ ಇದು ಮುಂದೆ ಉಪಯೋಗಕ್ಕೆ ಬರಬಹುದು, ಸದ್ಯಕ್ಕೆ ಪಿನ್ ಕೋಡಿನ ಬದಲಿಗೆ ಅದನ್ನು ಬರೆಯಬೇಡಿ.

ಕಳೆದುಹೋದರೆ ಪರಿಹಾರ ಎಷ್ಟೆಂಬುದನ್ನು ಕಳಿಸುವ ಮೊದಲೇ ಯೋಚಿಸಬೇಕು. ಸ್ಪೀಡ್ ಪೋಸ್ಟಿನಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ, ತಡವಾದರೆ ಶುಲ್ಕ ವಾಪಸು, ಕಳೆದರೆ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಇವೆರಡರಲ್ಲಿ ಕಡಿಮೆಯದು. 2024ರ ಜೂನ್ 18ರಂದು ಜಾರಿಗೆ ಬಂದ ಹೊಸ ಅಂಚೆ ಕಾಯಿದೆಯೂ ಇಲಾಖೆಯ ಹೊಣೆಯನ್ನು ನಿಯಮಗಳಲ್ಲಿ ಹೇಳಿದಷ್ಟಕ್ಕೇ ಸೀಮಿತಗೊಳಿಸುತ್ತದೆ. ಕೊರಿಯರಿನ ರಸೀದಿಯ ಹಿಂಭಾಗದ ಸಣ್ಣ ಅಕ್ಷರಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಬೆಲೆಬಾಳುವ ವಸ್ತುವಾದರೆ ವಿಮೆ ಮಾಡಿಸಿ. ದೂರು ಕೊಡಲು ರಸೀದಿಯಲ್ಲಿನ 13 ಅಕ್ಷರಾಂಕಿಗಳ ಸಂಖ್ಯೆ ಬೇಕೇ ಬೇಕು. ಅದರ ಮುದ್ರಣ ಕೆಲವು ತಿಂಗಳಲ್ಲೇ ಮಾಸುವುದರಿಂದ ಆಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಮೊದಲು ಬಟವಾಡೆಯ ಕಚೇರಿಗೇ ಹೋಗಿ ಕೇಳುವುದು ಲೇಸು, ಬೆಲ್ಲದ ಡಬ್ಬಿಯ ಹಿಂದೆ ಇರುವುದು ಯಾವ ಸಹಾಯವಾಣಿಗೂ ಕಾಣುವುದಿಲ್ಲ. ಅಲ್ಲಿ ಸಿಗದಿದ್ದರೆ 1800 266 6868, ಆಮೇಲೆ ವಿಭಾಗದ ಸೂಪರಿಂಟೆಂಡೆಂಟರಿಗೆ ಲಿಖಿತ ದೂರು, ಅದಕ್ಕೂ ಮೇಲೆ ಇಲಾಖೆ ಆಗಾಗ ನಡೆಸುವ ಡಾಕ್ ಅದಾಲತ್.

ಕಳಿಸುವವರು ತಮ್ಮ ಕಚೇರಿಯಲ್ಲಿ ಕೇಳಿಟ್ಟುಕೊಳ್ಳಬೇಕಾದ ಇನ್ನೊಂದು ವಿಷಯ ಚೀಲ ಕಟ್ಟುವ ವೇಳೆ. ನಮ್ಮ ಶಾಖಾ ಕಚೇರಿಯ ಚೀಲ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತದೆ; ಆ ಬಸ್ಸು ಹೋದ ಮೇಲೆ ಕೊಟ್ಟ ಸ್ಪೀಡ್ ಪೋಸ್ಟು ಮರುದಿನದ ಬಸ್ಸಿನವರೆಗೆ ಮಾಸ್ತರರ ಕಪಾಟಿನಲ್ಲೇ ಇರುತ್ತದೆ, ಶನಿವಾರವಾದರೆ ಸೋಮವಾರದವರೆಗೆ.